ನಾನು ದುಡಿಯುತ್ತೇನೆ, ಗಂಡ ಮನೆ ನೋಡಿಕೊಳ್ಳುತ್ತಾರೆ: ಮಾರ್ಮನ್ ಮನೆಗಳಲ್ಲಿ ಇದನ್ನು ಹೇಗೆ ನಿಭಾಯಿಸಿದಿರಿ?

ನಾವು ಬೆಂಗಳೂರಿನ ಮಾರ್ಮನ್ ಕುಟುಂಬ, ಅಂದರೆ ಅಮೆರಿಕದಲ್ಲಿ ಹುಟ್ಟಿದ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನವರು. ನಾನು ಆಫೀಸಿಗೆ ಹೋಗುತ್ತೇನೆ, ಮಕ್ಕಳು ಗಂಡನ ಜೊತೆ. ಮೊನ್ನೆ ಹಿರಿಯರೊಬ್ಬರು ಚರ್ಚಿನ ಮುಖಂಡರು ಕುಟುಂಬದ ಬಗ್ಗೆ 1995ರಲ್ಲಿ ಹೊರಡಿಸಿದ ಘೋಷಣೆ ತೋರಿಸಿ, ಇದು ಸರಿಯಲ್ಲ ಅಂದರು. ಅವತ್ತಿನಿಂದ ನೆಮ್ಮದಿ ಇಲ್ಲ. ನಿಮ್ಮ ಅನುಭವ ಹೇಳಿ.

ಯೂಟಾದ ಪ್ರೊವೊದಿಂದ

ನನಗೂ ಇದೇ ಮಾತು ಬಂದಿತ್ತು. ಆ ಘೋಷಣೆಯನ್ನು ಗಂಡನ ಜೊತೆ ಕೂತು ಪೂರ್ತಿ ಓದಿ. ದುಡಿಮೆ ತಂದೆಯ ಹೊಣೆ, ಮಕ್ಕಳ ಪಾಲನೆ ಮುಖ್ಯವಾಗಿ ತಾಯಿಯದು ಅಂತ ಇದೆ, ನಿಜ. ಅದರ ಬೆನ್ನಿಗೇ, ಇಬ್ಬರೂ ಸಮಾನ ಜೊತೆಗಾರರಾಗಿ ನೆರವಾಗಬೇಕು, ಪರಿಸ್ಥಿತಿಗೆ ತಕ್ಕಂತೆ ಹೊಂದಿಸಿಕೊಳ್ಳಬೇಕಾಗಬಹುದು ಅಂತಲೂ ಇದೆ. ಈ ಸಾಲನ್ನು ಯಾಕೋ ಯಾರೂ ಗಟ್ಟಿಯಾಗಿ ಓದುವುದಿಲ್ಲ.

ಆದರೆ ನನಗೆ ಧೈರ್ಯ ಬಂದದ್ದು ಬೇರೆ ಕಡೆಯಿಂದ. 2019ರ ಅಕ್ಟೋಬರಿನವರೆಗೆ ದೀಕ್ಷಾಸ್ನಾನಕ್ಕೆ ಗಂಡಸರೇ ಸಾಕ್ಷಿ ನಿಲ್ಲುತ್ತಿದ್ದರು. ಆಮೇಲೆ ಹೆಂಗಸರೂ ನಿಲ್ಲಬಹುದು ಅಂತಾಯಿತು. ನನ್ನ ಎಂಟು ವರ್ಷದ ಮಗಳಿಗೆ ನಮ್ಮ ಅತ್ತೆ ಸಾಕ್ಷಿ. ಮುಳುಗಿಸುವಾಗ ಮೈಯೆಲ್ಲ ನೀರೊಳಗೆ ಹೋಗಬೇಕು. ಅತ್ತೆ ತೊಟ್ಟಿಯ ಅಂಚಿನಲ್ಲಿ ಬಗ್ಗಿ ನೋಡಿದರು. ಮಗುವಿನ ಹೆಬ್ಬೆರಳು ಮೇಲೆ ಬಂದಿತ್ತು. 'ಇನ್ನೊಂದು ಸಲ' ಅಂದರು. ನನ್ನ ಗಂಡ ಮಾತಾಡದೆ ಮತ್ತೆ ಮುಳುಗಿಸಿದರು. ಹುಟ್ಟಿದಾಗಿನಿಂದ ಚರ್ಚಿಗೆ ಬಂದ ಹೆಂಗಸು ಅವರು. ಅವರ ಒಂದು ಮಾತಿಗೆ ವಿಧಿ ಎರಡನೇ ಸಲ ನಡೆದದ್ದನ್ನು ನಾನು ಅವತ್ತೇ ನೋಡಿದ್ದು.

ಬೆಂಗಳೂರಿನಿಂದ

ಆ ಹಿರಿಯರು ಆಡಿದ್ದು ಚರ್ಚಿನ ಮಾತೋ, ನಮ್ಮೂರಿನ ಮಾತೋ? ಮೊದಲು ಅದನ್ನು ಯೋಚಿಸಿ. ನನ್ನ ಗಂಡ ಪಾತ್ರೆ ತೊಳೆದರೆ ಆಡಿಕೊಂಡವರು ವಾರ್ಡಿನವರಲ್ಲ (ನಮ್ಮ ಚರ್ಚಿನಲ್ಲಿ ವಾರ್ಡ್ ಅಂದರೆ ಸ್ಥಳೀಯ ಸಭೆ), ಚರ್ಚಿನ ಗಾಳಿಯೇ ಸೋಕದ ನಮ್ಮ ನೆಂಟರು. ಚರ್ಚಿನ ನಿಯಮಕ್ಕಾಗಿ ಫಿಲ್ಟರ್ ಕಾಫಿ ಬಿಟ್ಟಾಗಲೂ ಅವರೇ ಜಾಸ್ತಿ ನೊಂದುಕೊಂಡರು.

ಸಾಲ್ಟ್ ಲೇಕ್ ಸಿಟಿಯಿಂದ

ಎಲ್ಲ ಬದಲಾಗಿದೆ ಅಂತ ಸಮಾಧಾನ ಹೇಳಲಾರೆ. 1978ರಲ್ಲಿ ಕಪ್ಪು ಗಂಡಸರಿಗೂ ವಿಧಿಗಳನ್ನು ನಡೆಸುವ ಪುರೋಹಿತ ಪದವಿ ಸಿಕ್ಕಿತು, ಹೆಂಗಸರಿಗೆ ಇವತ್ತಿಗೂ ಇಲ್ಲ. ಇದು ನನಗೆ ನೋವು ಕೊಡುತ್ತದೆ. ನಮ್ಮ ವಾರ್ಡಿನ ಮುಖ್ಯಸ್ಥರಾದ ಬಿಷಪ್ ಹತ್ತಿರವೂ ಹಾಗೇ ಹೇಳಿದ್ದೇನೆ.

ಆದರೂ ಬಿಟ್ಟು ಹೋಗಿಲ್ಲ. ಅಮೆರಿಕದ ನಾವೂ (Nauvoo) ಎಂಬ ಊರಿನಲ್ಲಿ 1842ರಲ್ಲೇ ಶುರುವಾದ ರಿಲೀಫ್ ಸೊಸೈಟಿ, ಅಂದರೆ ಚರ್ಚಿನ ಹೆಂಗಸರ ಸಂಘ, ನನ್ನನ್ನು ಹಿಡಿದಿಟ್ಟಿದೆ. ನೀವೂ ಮೊದಲು ನಿಮ್ಮ ವಾರ್ಡಿನ ರಿಲೀಫ್ ಸೊಸೈಟಿ ಅಧ್ಯಕ್ಷೆಯ ಹತ್ತಿರ ಮಾತಾಡಿ. ನಮ್ಮಮ್ಮ ಹಾಸಿಗೆ ಹಿಡಿದಾಗ ಆ ಹೆಂಗಸರು ಹನ್ನೊಂದು ಸಂಜೆ ಊಟ ತಂದರು. ಅವರಲ್ಲಿ ಅರ್ಧ ಜನ ಆಫೀಸಿನಿಂದ ನೇರ ಬಂದವರು, ಕೊರಳಲ್ಲಿ ಐಡಿ ಕಾರ್ಡ್ ಇನ್ನೂ ಹಾಗೇ ಇತ್ತು.