ಬುದ್ಧಿ ಹಲ್ಲನ್ನು ಬಿಸಾಡುವ ಮೊದಲು

ಅತ್ತಿಗೆ, ಗ್ರೂಪಲ್ಲಿ ನೀವು ಹಾಕಿದ ಮಗಳ ಎಕ್ಸ್‌ರೇ ನೋಡಿದೆ. ಟೈಪ್ ಮಾಡ್ಲಿಕ್ಕೆ ಕೂತ್ರೆ ಮುಗಿಯುವುದಿಲ್ಲ, ಮಾತಲ್ಲೇ ಹೇಳ್ತೇನೆ. ಕೆಳಗಿನ ದವಡೆ ಹಲ್ಲಿನ ಹುಳುಕು ಒಸಡಿನಿಂದ ಕೆಳಗೆ ಇಳಿದಿದೆ, ಅದನ್ನು ತೆಗೀಬೇಕು ಅಂದದ್ದು ಸರಿಯೇ. ಆದ್ರೆ ಬುದ್ಧಿ ಹಲ್ಲನ್ನೂ ಒಟ್ಟಿಗೆ ತೆಗೆದು ಬಿಸಾಡಿ, ಇಂಪ್ಲಾಂಟ್, ಅಂದ್ರೆ ಮೂಳೆಗೆ ಸ್ಕ್ರೂ ಇಟ್ಟು ಕೂರಿಸುವ ಕೃತಕ ಹಲ್ಲು, ಹಾಕಿಸುವ ಅಂತ ಹೇಳಿದ್ರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ ಮಾರಾಯ್ರೆ. ಆ ಬುದ್ಧಿ ಹಲ್ಲನ್ನೇ ದವಡೆ ಹಲ್ಲು ತೆಗೆದ ಗುಂಡಿಗೆ ಕೂರಿಸ್ಲಿಕ್ಕೆ ಆಗ್ತದಾ ಅಂತ ಮೊದಲು ಕೇಳಿ. 1950ರ ದಶಕದಿಂದಲೂ ಮಾಡ್ತಾ ಬಂದ ಕೆಲಸವೇ ಅದು.

ಅವಳಿಗೆ ಈಗ 18. ಎಕ್ಸ್‌ರೇಯಲ್ಲಿ ನೋಡಿ, ಬುದ್ಧಿ ಹಲ್ಲಿನ ಬೇರಿನ ತುದಿ ಇನ್ನೂ ಮುಚ್ಚಿಲ್ಲ, ಅಗಲ ಬಾಯಿ ಬಿಟ್ಟ ಹಾಗೆ ಉಂಟು. ಬೇರು ಮುಕ್ಕಾಲು ಬೆಳೆದ ಈ ಹೊತ್ತೇ ಒಳ್ಳೆಯದು. ಆ ಬಾಯಿಯಿಂದ ರಕ್ತನಾಳ ಪುನಃ ಒಳಗೆ ಬೆಳೆದು ಹಲ್ಲು ಜೀವ ಹಿಡಿಯಬಹುದು. ತುದಿ ಮುಚ್ಚಿದ ಮೇಲೂ ಮಾಡ್ತಾರೆ, ಆದ್ರೆ ಕೂರಿಸಿ ಎರಡು ವಾರದ ಆಸುಪಾಸಿನಲ್ಲಿ ರೂಟ್ ಕೆನಾಲ್, ಅಂದ್ರೆ ಹಲ್ಲಿನೊಳಗಿನ ನರ ತೆಗೆದು ತುಂಬಿಸುವ ಕೆಲಸ, ಮಾಡ್ಲೇಬೇಕು.

ಮುಖ್ಯ ಇರುವುದು ಬೇರಿನ ಮೇಲಿನ ತೆಳು ಪೊರೆ. ಭಾವನಿಗೆ ಹೇಳಿ, ಅಡಿಕೆ ಸಸಿಯನ್ನು ಬೇರಿನ ಮಣ್ಣು ಉದುರದ ಹಾಗೆ ಎತ್ತುವುದಿಲ್ವಾ, ಹಾಗೆ. ಪೊರೆ ಒಣಗಿದ್ರೆ, ಉಜ್ಜಿದ್ರೆ ಕೆಟ್ಟಿತು. ಆಮೇಲೆ ಬೇರು ಕರಗ್ತದೆ, ಇಲ್ಲದಿದ್ರೆ ಹಲ್ಲು ಮೂಳೆಗೆ ಅಂಟಿಕೊಳ್ತದೆ. ಅದಕ್ಕೇ ಮೊದಲು ಸ್ಕ್ಯಾನ್ ಮಾಡಿ, ಅದೇ ಅಳತೆಯ ನಕಲಿ ಹಲ್ಲು ತ್ರೀಡಿ ಪ್ರಿಂಟ್ ಮಾಡಿಸಿ, ಅದನ್ನು ಇಟ್ಟು ನೋಡಿಯೇ ಗುಂಡಿ ಸರಿ ಮಾಡ್ತಾರೆ. ಅಸಲಿ ಹಲ್ಲು ಹೊರಗೆ ಇರುವುದು ಕೆಲವೇ ನಿಮಿಷ. ಮೇಲಿನ ಹಲ್ಲು ತಾಗದ ಹಾಗೆ ಒಂಚೂರು ತಗ್ಗಿಸಿ ಕೂರಿಸಿ, ಹೊಲಿಗೆಯೋ ಸಪೂರ ತಂತಿಯೋ ಹಾಕಿ ಬಿಡ್ತಾರೆ. ಕೆಲವು ದಿನ ಗಂಜಿ ಊಟ.

ಇಂಪ್ಲಾಂಟ್ ಕೆಟ್ಟದ್ದಲ್ಲ, ಆದ್ರೆ ಅದು ಮೂಳೆಗೆ ಕಚ್ಚಿದ ಸ್ಕ್ರೂ. ದವಡೆ ಬೆಳೆದ್ರೂ ಅದು ಇದ್ದಲ್ಲೇ. ಈ ಪ್ರಾಯಕ್ಕೆ ಅವಸರ ಬೇಡ. ಸ್ವಂತ ಹಲ್ಲಾದ್ರೆ ಮುಂದೆ ಕ್ಲಿಪ್ ಹಾಕಿ ಸರಿಸ್ಲಿಕ್ಕೂ ಆಗ್ತದೆ.

ಎಲ್ಲರಿಗೂ ಆಗುವ ಕೆಲಸ ಅಲ್ಲ ಇದು. ಬೇರು ಕೊಕ್ಕೆಯ ಹಾಗಿದ್ದು ತೆಗೆಯುವಾಗ ತುಂಡಾದ್ರೆ ಮುಗೀತು. ಮಣಿಪಾಲಕ್ಕೋ ದೇರಳಕಟ್ಟೆಗೋ ಡೆಂಟಲ್ ಕಾಲೇಜಿಗೆ ಹೋಗಿ, ಸರ್ಜರಿಯವರೂ ರೂಟ್ ಕೆನಾಲಿನವರೂ ಒಂದೇ ಕಡೆ ಸಿಗ್ತಾರೆ.

ಮತ್ತೆ ಮಾವ, ನೀವು "ನನ್ನ ಹಲ್ಲು ಕೊಡ್ಲಾ" ಅಂತ ನಗೆ ಮಾಡಿದ್ರಲ್ಲ. 18ನೇ ಶತಮಾನದ ಲಂಡನ್ನಿನಲ್ಲಿ ಬಡವರ ಹಲ್ಲು ಕಿತ್ತು ಶ್ರೀಮಂತರ ಬಾಯಿಗೆ ಹಾಕ್ತಿದ್ರು, ಜಾನ್ ಹಂಟರ್ ಅಂಥ ದೊಡ್ಡ ಸರ್ಜನ್ನೇ ಅದರಲ್ಲಿದ್ದ. ಹಲ್ಲು ಬಾಳಲಿಲ್ಲ, ರೋಗ ಅಂಟಿತು. ನಿಮ್ಮ ಹಲ್ಲು ನಿಮ್ಮಲ್ಲೇ ಇರ್ಲಿ. ಅತ್ತಿಗೆ, ಸ್ಕ್ಯಾನ್ ಆದ ಕೂಡ್ಲೇ ನನಗೆ ಕಳಿಸಿ, ಅಲ್ಲಿವರೆಗೆ ಬುದ್ಧಿ ಹಲ್ಲು ತೆಗೆಸುವ ತಾರೀಕು ಮುಂದೆ ಹಾಕಿ.