ಘರ್ಷಣೆ ಜಾಸ್ತಿ ಮಾಡಿದರೆ ಲೆಕ್ಕ ಒಂದೇ ಉತ್ತರಕ್ಕೆ ನಿಲ್ಲುತ್ತಿಲ್ಲ, ತಪ್ಪು ನನ್ನದಾ?

ಪೀಣ್ಯ_ಪ್ಯಾಡ್:
ಪೀಣ್ಯದಲ್ಲಿ ಮೆಷಿನ್‌ಗಳ ಕಾಲಡಿ ಹಾಕುವ ರಬ್ಬರ್ ಪ್ಯಾಡ್ ಮಾಡುತ್ತೇವೆ. ಗುಂಡಗಿನ ಪ್ಯಾಡ್, 80 ಮಿ.ಮೀ. ಅಗಲ. ಭಾರ ಬಿದ್ದಾಗ ಅಂಚು ಉಕ್ಕಿನ ತಟ್ಟೆ ಮೇಲೆ ಹೊರಗೆ ಜಾರುತ್ತದೆ. ನಡುಭಾಗ ಕಚ್ಚಿಕೊಂಡೇ ಇರುತ್ತದೆ. ಜಾರುವುದು ಎಲ್ಲಿಂದ ಶುರು ಅನ್ನೋದು ನನಗೆ ಬೇಕು, ಸವೆತ ಅಲ್ಲೇ ಆಗೋದು. ಲೆಕ್ಕಕ್ಕೆ ಘರ್ಷಣಾಂಕ (ಎಷ್ಟು ಕಚ್ಚುತ್ತದೆ ಅನ್ನೋ ಸಂಖ್ಯೆ) 0.2 ಕೊಟ್ಟರೆ ಉತ್ತರ ಬೇಗ ಬರುತ್ತದೆ. 0.9 ಕೊಟ್ಟರೆ ಎರಡು ಉತ್ತರಗಳ ನಡುವೆ ಓಲಾಡುತ್ತದೆ. ಲೆಕ್ಕಕ್ಕೆ ಪ್ಯಾಡನ್ನು ತುಂಡು ತುಂಡಾಗಿ ಭಾಗಿಸುವ ಜಾಲವನ್ನು ಇನ್ನೂ ಸಣ್ಣದು ಮಾಡಿದೆ, ಇನ್ನೂ ಕೆಟ್ಟಿತು. ಮೂರು ರಾತ್ರಿ ಕೂತಿದ್ದೇನೆ.

ಗಣಿತ_ಮೇಡಂ:
ನಿಮ್ಮ ತಪ್ಪಲ್ಲ ಸರ್. ಸಮಸ್ಯೆಯೇ ಹಾಗಿದೆ.

ಘರ್ಷಣೆ ಇಲ್ಲದಿದ್ದರೆ ಸುಲಭ. ವಸ್ತು ತಟ್ಟೆಯೊಳಗೆ ನುಗ್ಗಬಾರದು ಅನ್ನೋ ಷರತ್ತಿನಲ್ಲಿ ಶಕ್ತಿ ಕನಿಷ್ಠವಾಗುವ ಆಕಾರ ಹುಡುಕಿದರೆ ಮುಗಿಯಿತು. ಇಟಲಿಯ ಗಣಿತಜ್ಞ ಸಿನ್ಯೊರಿನಿ 1959ರಲ್ಲಿ ಮುಂದಿಟ್ಟ ಈ ಪ್ರಶ್ನೆಯನ್ನು ಅವರ ಶಿಷ್ಯ ಫಿಕೆರಾ 1963ರಲ್ಲಿ ಬಿಡಿಸಿದರು. ಸಿನ್ಯೊರಿನಿ ತೀರಿಕೊಳ್ಳುವ ಸ್ವಲ್ಪ ಮೊದಲು ಉತ್ತರ ಅವರ ಕಿವಿಗೆ ಬಿತ್ತು. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ.

ಕೂಲಂಬ್ ಘರ್ಷಣೆ ಸೇರಿದರೆ ಕಥೆ ಬೇರೆ. ಜಾರುವಿಕೆಯ ಮಿತಿ ಅಂದರೆ ಘರ್ಷಣಾಂಕ ಇಂಟು ಒತ್ತಡ. ಆ ಒತ್ತಡವೇ ಇನ್ನೂ ಗೊತ್ತಿಲ್ಲವಲ್ಲ! ಕನಿಷ್ಠ ಮಾಡಲು ಒಂದು ಶಕ್ತಿಯೇ ಸಿಗುವುದಿಲ್ಲ. ಅದಕ್ಕೆ ಒಂದು ಮಿತಿ ಊಹಿಸಿ, ಅದನ್ನು ಬದಲಿಸದೆ ಲೆಕ್ಕ ಬಿಡಿಸಬೇಕು. ಇದಕ್ಕೆ ಟ್ರೆಸ್ಕಾ ಘರ್ಷಣೆ ಅಂತಾರೆ, ಇದರಲ್ಲಿ ಉತ್ತರ ಒಂದೇ. ಬಂದ ಒತ್ತಡದಿಂದ ಹೊಸ ಮಿತಿ, ಮತ್ತೆ ಲೆಕ್ಕ. ಘರ್ಷಣಾಂಕ ಚಿಕ್ಕದಿದ್ದರೆ ಪ್ರತಿ ಸುತ್ತಿಗೂ ತಪ್ಪು ಕುಗ್ಗುತ್ತದೆ. ದೊಡ್ಡದಾದರೆ ಕುಗ್ಗುವ ಭರವಸೆ ಇಲ್ಲ. 1980ರಲ್ಲಿ ನೆಚಾಸ್, ಯಾರುಶೆಕ್, ಹಾಸ್ಲಿಂಗರ್ ಅನ್ನೋ ಗಣಿತಜ್ಞರು ಉತ್ತರ ಇದೆ ಅಂತ ಸಾಧಿಸಿದ್ದೂ ಚಿಕ್ಕ ಘರ್ಷಣಾಂಕಕ್ಕೇ. ದೊಡ್ಡದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಇರುವ ಉದಾಹರಣೆಗಳೂ ಇವೆ. ಉತ್ತರ ಒಂದೇ ಅಂತ ಖಾತ್ರಿ ಕೊಡುವ ಅಂದಾಜುಗಳು ಜಾಲ ಸಣ್ಣದಾದಷ್ಟೂ ಬಿಗಿಯಾಗುತ್ತವೆ, ಅಂದರೆ ಇನ್ನೂ ಚಿಕ್ಕ ಘರ್ಷಣಾಂಕ ಕೇಳುತ್ತವೆ. ನಿಮಗೆ ಕೆಟ್ಟಿದ್ದು ಅದಕ್ಕೂ ಇರಬಹುದು.

ವರ್ಕ್‌ಶಾಪ್_ಯಶವಂತಪುರ:
ಭಾರ ಒಂದೇ ಸಲ ಹಾಕಬೇಡಿ, ಇಪ್ಪತ್ತು ಕಂತಿನಲ್ಲಿ ಹಾಕಿ. ಘರ್ಷಣೆಗೆ ಬಂದ ದಾರಿಯ ನೆನಪಿರುತ್ತದೆ. ಹೊಸ ಮಿತಿಯನ್ನು ಪೂರ್ತಿ ತಗೋಬೇಡಿ, ಹಳೆಯದು ಅರ್ಧ, ಹೊಸದು ಅರ್ಧ ಸೇರಿಸಿ. ಆಮೇಲೆ ಒಂದು ಹಳೇ ಪ್ಯಾಡ್ ತಿರುಗಿಸಿ ನೋಡಿ.

ಪೀಣ್ಯ_ಪ್ಯಾಡ್:
ಅರ್ಧರ್ಧ ಸೇರಿಸಿದ ಮೇಲೆ ಓಲಾಟ ನಿಂತಿತು! ಮೇಡಂ, ಒತ್ತಡವೇ ಗೊತ್ತಿಲ್ಲ ಅಂದಿರಲ್ಲ, ಅದೊಂದು ಮಾತಿಗೆ ಎಲ್ಲ ಅರ್ಥವಾಯಿತು. ಬೇರೆ ಬೇರೆ ಊಹೆಯಿಂದಲೂ ಶುರು ಮಾಡಿದೆ, ಅದೇ ಉತ್ತರ ಬಂತು. ಲೆಕ್ಕದಲ್ಲಿ ಜಾರುವುದು ನಡುವಿನಿಂದ 31 ಮಿ.ಮೀ. ದೂರದಲ್ಲಿ ಶುರು. ಬಿಚ್ಚಿ ತಂದ ಹಳೇ ಪ್ಯಾಡಿನ ಅಡಿಯಲ್ಲಿ ಉಜ್ಜಿ ಹೊಳೆಯುವ ಬಳೆಯಂಥ ಗುರುತಿದೆ. ಸ್ಕೇಲ್ ಇಟ್ಟೆ, ಅದರ ಒಳಅಂಚು 29ಕ್ಕೆ ಬಂತು. ಭಾರ ತೆಗೆದಾಗ ಅಂಚು ವಾಪಸ್ ಜಾರುವುದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಈ ವಾರ ಅದನ್ನು ಸೇರಿಸುತ್ತೇನೆ.