ದಸರಾ ರಜೆಗೆ ಅಕ್ಕನ ಮನೆಗೆ 9 ಜನ ಹೊರಟಿದ್ದೀವಿ. 14 ಹಸು ಇರೋ ಮನೆಗೆ ಭಾರ ಆಗದ ಹಾಗೆ ಇರೋದು ಹೇಗೆ?

ಪ್ರಶ್ನೆ: ಇಬ್ಬರು ಮಕ್ಕಳ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನನ್ನ ಕೊಟ್ಟಿರೋದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ. ಮೊದಲು ರೇಷ್ಮೆ ಮಾಡ್ತಿದ್ರು, ಈಗ 6 ವರ್ಷದಿಂದ ಹಸು. ಒಟ್ಟು 14 ಇವೆ, ಹೆಚ್ಚಿನವು ಎಚ್‌ಎಫ್ (ಹಾಲು ಜಾಸ್ತಿ ಕೊಡೋ ಕಪ್ಪು-ಬಿಳಿ ಸೀಮೆ ತಳಿ). ಅದರಲ್ಲಿ 9 ಹಾಲು ಕೊಡ್ತಿವೆ, 2 ಗಬ್ಬ, ಉಳಿದವು ಪಡ್ಡೆ, ಕರು. ನೋಡ್ಕೊಳ್ಳೋರು ಅಕ್ಕ, ಭಾವ, ಭಾವನ ತಾಯಿ, ಅಷ್ಟೇ. ಆಳು ಇಲ್ಲ.

ಈ 6 ವರ್ಷದಲ್ಲಿ ಅಕ್ಕ ನಮ್ಮ ಮನೇಲಿ ಒಂದು ರಾತ್ರಿನೂ ಉಳಿದಿಲ್ಲ. ನಮ್ಮ ಗೃಹಪ್ರವೇಶಕ್ಕೆ ಬೆಳಗಿನ ಹಾಲು ಹಾಕಿ ಬಂದವಳು, ಊಟದ ಎಲೆ ಎತ್ತೋ ಮೊದಲೇ ಸಂಜೆ ಹಾಲಿಗೆ ಹೊರಟುಹೋದಳು. ಅವಳು ಬರಲ್ಲ ಅಂದಮೇಲೆ ನಾವೇ ಹೋಗೋಣ ಅಂತ. ನಾನು, ನಮ್ಮೆಜಮಾನ್ರು, ಮಕ್ಕಳು (10 ವರ್ಷದ ಮಗಳು, 6 ವರ್ಷದ ಮಗ), ಅಮ್ಮ, ನನ್ನ ತಮ್ಮ, ಜೊತೆಗೆ ನನ್ನ ಗೆಳತಿ, ಅವಳ ಗಂಡ, ಮಗಳು. ಪೂರ್ತಿ ಒಂದು ವಾರ, ಆಯುಧಪೂಜೆನೂ ಅಲ್ಲೇ. ಗೆಳತಿ ಮನೆಯವರು ಕೊಟ್ಟಿಗೆ ಒಳಗೆ ಕಾಲಿಟ್ಟವರಲ್ಲ.

ಅಕ್ಕ ಫೋನಲ್ಲಿ "ಬನ್ನಿ, ಎಲ್ಲಾ ಆಗುತ್ತೆ" ಅಂತಾಳೆ. ಹಿಂದುಗಡೆ ಹಾಲು ಕರೆಯೋ ಮಿಷನ್ ಶಬ್ದ ಕೇಳ್ತಾ ಇರುತ್ತೆ. ಅವಳಿಗೆ ಕಷ್ಟ ಆಗಬಾರದು. ಹಸು ಸಾಕಿರೋರು, ಮನೆಗೆ ನೆಂಟರು ಬಂದಾಗ ನಿಮಗೆ ಏನು ಹಿತ ಅನಿಸ್ತು, ಏನು ಕಷ್ಟ ಆಯ್ತು, ಬಾಯಿಬಿಟ್ಟು ಹೇಳಿ. ಮಕ್ಕಳಿಗೆ ಯಾವ ಕೆಲಸ ಕೊಡಬಹುದು? ಕರೆದ ಹಾಲು ಹಾಗೇ ಕುಡಿಸಬಹುದಾ?

ಉತ್ತರ: ಕೊಟ್ಟಿಗೆ ಮನೆ, ಮದ್ದೂರು ತಾಲ್ಲೂಕು

ನಿಮ್ಮಕ್ಕ ಹೇಳದೇ ಇರೋದನ್ನ ನಾನು ಹೇಳ್ತೀನಿ ಕಣಮ್ಮ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ 11 ಹಸು. ಮದುವೆಯಾಗಿ ಬಂದು 19 ವರ್ಷ ಆಯ್ತು. ನೆಂಟರು ಬಂದ್ರೆ ನನಗೆ ನಿಜವಾಗ್ಲೂ ಸಂತೋಷ. ಆದರೆ ಆ ವಾರ ಕೆಲಸ ಎರಡರಷ್ಟಾಗುತ್ತೆ, ಅದೂ ಸತ್ಯ.

ನಾಲ್ಕೂವರೆಗೆ ಎದ್ದು ಸಗಣಿ ಬಾಚಬೇಕು, ಕೊಟ್ಟಿಗೆ ತೊಳೀಬೇಕು. ಫೀಡು, ಬೂಸಾ ಕಲಸಿಟ್ಟು, ಕೆಚ್ಚಲು ತೊಳೆದು ಒರೆಸಿ ಕರೆಯೋಕೆ ಕೂರಬೇಕು. ಏಳರೊಳಗೆ ಡೈರಿಗೆ ಹಾಲು ಹಾಕಬೇಕು, ಅಲ್ಲಿ ನಮಗೋಸ್ಕರ ಯಾರೂ ಕಾಯಲ್ಲ. ಬಂದು ಹುಲ್ಲು ಕುಯ್ಯೋದು, ಕತ್ತರಿಸೋದು, ನೀರು ತೋರಿಸೋದು, ಮಧ್ಯಾಹ್ನ ಮೈ ತೊಳೆಯೋದು. ಸಂಜೆ ನಾಲ್ಕಕ್ಕೆ ಮತ್ತೆ ಮೊದಲಿಂದ. ಇದರ ನಡುವೆ 9 ಜನಕ್ಕೆ ತಿಂಡಿ, ಎರಡು ಸಲ ಕಾಫಿ, ಊಟ, ಪಾತ್ರೆ. ಬಂದವರೆಲ್ಲ ಕೊಟ್ಟಿಗೆಗೆ ಬಂದು "ನಾವೂ ಹಾಲು ಕರೀತೀವಿ" ಅಂತಾರೆ. ಪ್ರೀತಿಯಿಂದಲೇ ಅಂತಾರೆ. ನನಗೆ ಬೇಕಿದ್ದ ಸಹಾಯ ಮಾತ್ರ ಅದಲ್ಲ. ನೀವು ಹೋದ ಮೊದಲ ದಿನವೇ ಅಡುಗೆಮನೆ ನಿಮ್ಮ ಕೈಗೆ ತಗೊಳ್ಳಿ. ಅಕ್ಕ ಬೇಡ ಅಂದ್ರೂ ತಗೊಳ್ಳಿ. ಅವಳು ಡೈರಿಯಿಂದ ವಾಪಸ್ ಬರೋ ಹೊತ್ತಿಗೆ ಬಿಸಿ ಬಿಸಿ ಉಪ್ಪಿಟ್ಟು, ಒಂದು ಲೋಟ ಕಾಫಿ ಯಾರಾದ್ರೂ ಕೈಗೆ ಕೊಟ್ರೆ ಹೇಗಿರುತ್ತೆ ಅಂತ ಹಸು ಕಟ್ಟಿರೋ ಹೆಂಗಸರನ್ನ ಕೇಳಿ.

ಹಾಲು ಕರೆಯೋ ಹೊತ್ತಲ್ಲಿ ಕೊಟ್ಟಿಗೆ ತುಂಬ ಜನ ಬೇಡ. ಕೆಚ್ಚಲು ತೊಳೆದು ಸವರಿದ ಮೇಲೆ ಹಸು ಹಾಲು ಇಳಿಸೋದು ಕೆಲವೇ ನಿಮಿಷ. ಆಗ ಮಕ್ಕಳು ಕಿರುಚಿದ್ರೆ, ಮೊಬೈಲ್ ಲೈಟ್ ಮುಖಕ್ಕೆ ಬಿಟ್ರೆ, ಹೆದರಿ ಬಿಗಿ ಹಿಡಿದುಬಿಡುತ್ತೆ. ಹಾಲು ಕೆಚ್ಚಲಲ್ಲೇ ಉಳಿಯುತ್ತೆ. ಹೀಗೇ ಉಳೀತಾ ಹೋದ್ರೆ ಕೆಚ್ಚಲು ಬಾವು ಬರೋಕೆ ದಾರಿ. ಇಬ್ಬಿಬ್ಬರಾಗಿ ಬಂದು, ಗೋಡೆ ಪಕ್ಕ ಸುಮ್ಮನೆ ನಿಂತು ನೋಡಲಿ.

ಇನ್ನು ಮುಖ್ಯವಾದ್ದು. ನಾಲ್ಕು ವರ್ಷದ ಹಿಂದೆ ಇದೇ ಆಯುಧಪೂಜೆ ದಿನ ನಮ್ಮನೆಗೆ ನೆಂಟರು ಬಂದಿದ್ರು. ಊಟ ಆದಮೇಲೆ ಮಕ್ಕಳು ಎಲೆಯಲ್ಲಿ ಉಳಿದ ಅನ್ನ, ಒಬ್ಬಟ್ಟು, ಪಾಯಸ ಎಲ್ಲಾ ಬಕೆಟಿಗೆ ತುಂಬಿ ನಮ್ಮ ಗೌರಿ ಮುಂದೆ ಇಟ್ಟಿದ್ದಾರೆ. ಗೌರಿ ಒಂದೊಂದು ಹೊತ್ತಿಗೆ 9 ಲೀಟರ್ ಕೊಡ್ತಿದ್ದ ಹಸು. ಕಲಗಚ್ಚು ಕುಡಿದು ಅಭ್ಯಾಸ ಇದ್ದದ್ದು, ನೆಕ್ಕಿ ನೆಕ್ಕಿ ಪೂರ್ತಿ ತಿಂದಿದೆ. ಮಕ್ಕಳು ಖುಷಿಯಿಂದ ಇನ್ನೊಂದು ಬಕೆಟ್ ತಂದಿಟ್ಟಿದ್ದಾರೆ. ರಾತ್ರಿ ಎಂಟಕ್ಕೆ ನಾನು ಹೋಗಿ ನೋಡಿದ್ರೆ ಕಿವಿ ಇಳಿಬಿಟ್ಕೊಂಡು ನಿಂತಿದೆ. ಮೆಲುಕು ಇಲ್ಲ. ಎಡಗಡೆ ಹೊಟ್ಟೆ ಮುಟ್ಟಿದ್ರೆ ತಮಟೆ ಹಾಗೆ ಬಿಗಿ. ಸಗಣಿ ನೀರಾಗಿ ಹುಳಿ ವಾಸನೆ. ಹುಲ್ಲು ತಿನ್ನೋ ಹೊಟ್ಟೆಗೆ ಒಂದೇ ಸಲ ಅಷ್ಟು ಅನ್ನ, ಸಿಹಿ ಬಿದ್ರೆ ಒಳಗೆ ಹುಳಿ ಬಂದು ಆಮ್ಲ ಆಗಿಬಿಡುತ್ತೆ, ಪ್ರಾಣಕ್ಕೇ ಕುತ್ತು ಅಂತ ಡಾಕ್ಟ್ರು ಆಮೇಲೆ ಬಿಡಿಸಿ ಹೇಳಿದ್ರು. ಅವರು ಬಂದದ್ದು ರಾತ್ರಿ ಹನ್ನೊಂದಕ್ಕೆ. ಅಡುಗೆ ಸೋಡಾ ಕದಡಿದ ನೀರು ಕುಡಿಸಿ, ಡ್ರಿಪ್ ಹಾಕಿ, ಬೆಳಗಿನ ಜಾವದವರೆಗೂ ಕೂತಿದ್ವಿ. ಗೌರಿ ಉಳೀತು. ಆದರೆ ಆ ಸೂಲಿನಲ್ಲಿ ಮತ್ತೆ 5 ಲೀಟರ್ ದಾಟಲಿಲ್ಲ. ಮಕ್ಕಳದ್ದು ತಪ್ಪು ಅಂತ ನಾನು ಹೇಳಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ನೀವು ಹೊರಡೋ ಮುಂಚೆ ಎಲ್ಲರಿಗೂ ಹೇಳಿ: ಅಕ್ಕ ಭಾವನ್ನ ಕೇಳದೆ ಒಂದು ಬಾಳೆಹಣ್ಣಿನ ಸಿಪ್ಪೆನೂ ಹಾಕಬೇಡಿ.

ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕರು ವಹಿಸಿಬಿಡಿ. ನೀರಿಡೋದು, ಬ್ರಷ್‌ನಲ್ಲಿ ಮೈ ಉಜ್ಜೋದು, ಎಳೆ ಹುಲ್ಲು ಹಾಕೋದು. ಎರಡನೇ ದಿನಕ್ಕೆ ಕರುನೇ ಅವರನ್ನ ಗುರುತು ಹಿಡಿಯುತ್ತೆ. ಹುಲ್ಲು ಕತ್ತರಿಸೋ ಮಿಷನ್ ಹತ್ತಿರ ಮಾತ್ರ ಯಾವ ಮಗುನೂ ಸುಳೀಬಾರದು. ನಿಂತಿದ್ರೂ ಬೇಡ. ಆಯುಧಪೂಜೆ ದಿನ ಮೇನ್ ಸ್ವಿಚ್ ಆಫ್ ಮಾಡಿ, ದೊಡ್ಡೋರು ಪಕ್ಕದಲ್ಲಿ ನಿಂತು ಮಿಷನ್‌ಗೆ ಕುಂಕುಮ ಇಡಿಸಿ.

ಹೋಗುವಾಗ ಸ್ವೀಟ್ ಡಬ್ಬಿ ಬದಲು ಒಂದು ಮೂಟೆ ಫೀಡು, ಎರಡು ಪ್ಯಾಕೆಟ್ ಮಿನರಲ್ ಮಿಕ್ಸ್ಚರ್ (ಹಸುವಿಗೆ ಕೊಡೋ ಖನಿಜದ ಪುಡಿ) ತಗೊಂಡು ಹೋಗಿ. ಭಾವನಿಗೆ ಆಗೋ ಸಂತೋಷ ನೋಡಿ. ನಿಮ್ಮ ತಮ್ಮ ಮೊದಲ ದಿನದಿಂದಲೇ ಭಾವನ ಜೊತೆ ಎದ್ದು ಕೆಲಸ ಕಲೀಲಿ. ಹಸುಗಳಿಗೆ ಅವನ ಗುರುತು ಹತ್ತಿದ ಮೇಲೆ, ಐದನೇ ದಿನವೋ ಆರನೇ ದಿನವೋ, ಒಂದು ಸಂಜೆ ಹಾಲಿಂದ ಅಕ್ಕನಿಗೆ ಬಿಡುವು ಕೊಡಿ. ನನಗೆ ಇದುವರೆಗೆ ಯಾರೂ ಅದನ್ನ ಕೊಟ್ಟಿಲ್ಲ.

ಉತ್ತರ: ಪಶು ಆಸ್ಪತ್ರೆಯಲ್ಲಿ ಕೆಲಸ, ತುಮಕೂರು ಕಡೆ

ಮೇಲೆ ಮದ್ದೂರಿನ ಅಕ್ಕ ಬರೆದಿರೋ ಹಬ್ಬದ ಊಟದ ವಿಷಯ ನೂರಕ್ಕೆ ನೂರು ನಿಜ. ಹಬ್ಬದ ಮಾರನೇ ದಿನ ನಮಗೆ ಬರೋ ಕರೆಗಳಲ್ಲಿ ಇದು ಇದ್ದೇ ಇರುತ್ತೆ. ಅನ್ನ ತಿಂದಿದೆ ಅಂತ ಗೊತ್ತಾದ ತಕ್ಷಣ, ಹೊಟ್ಟೆ ಉಬ್ಬೋದನ್ನ ಕಾಯದೆ ಫೋನ್ ಮಾಡಿ. ಪಶು ಚಿಕಿತ್ಸೆ ಸಹಾಯವಾಣಿ 1962 ನಂಬರ್ ಎಲ್ಲರ ಮೊಬೈಲಲ್ಲೂ ಇರಲಿ.

ಹಸಿ ಹಾಲು ಬೇಡವೇ ಬೇಡ. ನೋಡೋಕೆ ಹಸು ಗಟ್ಟಿಮುಟ್ಟಾಗಿದ್ರೂ ಬ್ರುಸೆಲ್ಲಾ, ಕ್ಷಯದಂಥ ರೋಗ ಹಾಲಿನ ಮೂಲಕ ಬರಬಹುದು. ಉಕ್ಕಿಸಿ ಕುಡಿಸಿ, ರುಚಿನೂ ಚೆನ್ನಾಗಿರುತ್ತೆ. ಹಸು ಕರು ಹಾಕಿದ್ರೆ ಬಸುರಿ ಹೆಂಗಸರು, ಮಕ್ಕಳು ಮಾಸು ಮುಟ್ಟಬಾರದು, ಮುಟ್ಟೋರು ಗ್ಲೌಸ್ ಹಾಕ್ಕೊಳ್ಳಲಿ. ಕರುವಿನ ಮುಖದ ಮೇಲೆ ಕೂದಲು ಉದುರಿ ದುಂಡಗೆ ಬೂದು ಮಚ್ಚೆ ಇದ್ರೆ ಅದು ಹುಳುಕಡ್ಡಿ, ಮುದ್ದಾಡಿದ ಮಗುವಿಗೂ ಅಂಟುತ್ತೆ. ಕೊಟ್ಟಿಗೆಯಿಂದ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯೋದು ಕಡ್ಡಾಯ ಮಾಡಿ.

ಹಸುವಿಗೆ ಎರಡೂ ಪಕ್ಕ ಚೆನ್ನಾಗಿ ಕಾಣುತ್ತೆ, ನೇರ ಹಿಂದೆ ನಿಂತವರು ಕಾಣಲ್ಲ. ಅದಕ್ಕೇ ಒದೆಯೋದು. ಭುಜದ ಕಡೆಯಿಂದ, ಮಾತಾಡಿಸ್ತಾ ಹತ್ತಿರ ಹೋಗೋಕೆ ಮಕ್ಕಳಿಗೆ ಕಲಿಸಿ. ದಾರೀಲಿ ಬೇರೆ ಯಾರದ್ದಾದ್ರೂ ಕೊಟ್ಟಿಗೆಗೆ ಹೋಗಿದ್ರೆ ಆ ಚಪ್ಪಲಿ ಹಾಕ್ಕೊಂಡು ಅಕ್ಕನ ಕೊಟ್ಟಿಗೆಗೆ ಹೋಗಬೇಡಿ. ಕಾಲುಬಾಯಿ ಜ್ವರ ಹಾಗೂ ಹರಡುತ್ತೆ.

ಉತ್ತರ: ನಿವೃತ್ತ ಡೈರಿ ಕಾರ್ಯದರ್ಶಿ

ತಾಯಿ, ಮಕ್ಕಳನ್ನು ಒಂದು ಸಂಜೆ ಊರಿನ ಡೈರಿಗೆ ಕಳಿಸಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಲಿ. ಹಾಲು ಅಳೆದು, ಸ್ಯಾಂಪಲ್ ತೆಗೆದು, ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಶೇಕಡಾ ಎಷ್ಟಿದೆ ಅಂತ ಚೀಟಿ ಬರುತ್ತೆ. ಆ ಚೀಟಿ ಇಟ್ಟುಕೊಂಡು, ಬೆಂಗಳೂರಿಗೆ ಹೋದ ಮೇಲೆ ನಂದಿನಿ ನೀಲಿ ಪ್ಯಾಕೆಟ್ ಮೇಲೆ ಓದಲಿ: ಫ್ಯಾಟು 3, ಎಸ್‌ಎನ್‌ಎಫ್ 8.5. ನಿಮ್ಮ ಅಕ್ಕ ಹಾಕುವ ಹಾಲಿನಲ್ಲಿ ಕೊಬ್ಬು ಇದಕ್ಕಿಂತ ಜಾಸ್ತಿಯೇ ಇರಬೇಕು. ಊರಲ್ಲಿ ಬಿಎಂಸಿ (ಹಾಲು ತಣ್ಣಗಿಡುವ ದೊಡ್ಡ ತೊಟ್ಟಿ) ಇದ್ದರೆ ಅದನ್ನೂ ತೋರಿಸಿ, ಹಾಲು 4 ಡಿಗ್ರಿಗೆ ತಣ್ಣಗಾಗುವುದು ಅಲ್ಲೇ. ಮಂಡ್ಯ ಹಾಲು ಒಕ್ಕೂಟದ ಹಾಲು ಟ್ಯಾಂಕರಿನಲ್ಲಿ ಗೆಜ್ಜಲಗೆರೆಯ ದೊಡ್ಡ ಡೈರಿಗೆ ಹೋಗುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಹಾಲಿನೊಳಗೆ ಲ್ಯಾಕ್ಟೋಮೀಟರ್ (ಹಾಲಿಗೆ ನೀರು ಬೆರೆತಿದೆಯಾ ತಿಳಿಯುವ ಗಾಜಿನ ಕೊಳವೆ) ಇಳಿಬಿಟ್ಟು ನೋಡುತ್ತಿದ್ದೆವು, ಅಲ್ಯೂಮಿನಿಯಂ ಕ್ಯಾನು ಲಾರಿಗೆ ಎತ್ತುತ್ತಿದ್ದೆವು. 1974ರಲ್ಲಿ ರಾಜ್ಯದ ಡೈರಿ ಅಭಿವೃದ್ಧಿ ನಿಗಮ ಬಂದ ಮೇಲೆ ಗುಜರಾತಿನ ಆನಂದ್ ಮಾದರಿಯ, ಹಾಲು ಹಾಕುವವರದ್ದೇ ಆದ ಸಹಕಾರ ಸಂಘಗಳು ಊರೂರಿಗೆ ಬಂದವು. ಅದಕ್ಕೆ ಮೊದಲು ಹಾಲಿನವನು ಹೇಳಿದ್ದೇ ರೇಟು. ಅರ್ಧ ಲೀಟರ್ ಹಾಕುವವರಿಗೂ ಐವತ್ತು ಲೀಟರ್ ಹಾಕುವವರಿಗೂ ಒಂದೇ ಸಾಲು, ಒಂದೇ ಪರೀಕ್ಷೆ. ಮಕ್ಕಳು ಅದನ್ನು ಕಣ್ಣಾರೆ ನೋಡಬೇಕು ಎನ್ನುವುದು ನನ್ನ ಆಸೆ.

ಪ್ರಶ್ನೆ ಕೇಳಿದವರು, ರಜೆ ಮುಗಿದ ಮೇಲೆ

ನಿನ್ನೆ ರಾತ್ರಿ ವಾಪಸ್ ಬಂದ್ವಿ. ಎಲ್ಲರಿಗೂ ವಂದನೆ. ಮದ್ದೂರಿನ ಅಕ್ಕನಿಗೆ ವಿಶೇಷವಾಗಿ.

ಅಡುಗೆಮನೆ ನಾನೂ ಗೆಳತಿನೂ ತಗೊಂಡ್ವಿ. ಅಕ್ಕ ಮೊದಲ ದಿನ ಬಾಗಿಲಲ್ಲೇ ನಿಂತಿದ್ಲು, ಎರಡನೇ ದಿನ ಜಗಲಿ ಮೇಲೆ ಕೂತು ತಿಂಡಿ ತಿಂದ್ಲು. ಎಲೆ ಊಟದ ಉಳಿಕೆ ಒಂದು ತುತ್ತೂ ಕೊಟ್ಟಿಗೆಗೆ ಹೋಗಲಿಲ್ಲ, ನನ್ನ ಮಗನೇ ಬಾಗಿಲಲ್ಲಿ ಕಾವಲು ನಿಂತ.

ಮೂರನೇ ರಾತ್ರಿ ಎರಡು ಗಂಟೆಗೆ ಭಾವ ಬಾಗಿಲು ತಟ್ಟಿದ್ರು. ಗಬ್ಬದ ಹಸು ಒಂದು ಮಲಗ್ತಿದೆ, ಏಳ್ತಿದೆ. ನಾನು, ಮಗಳು ದೂರ ನಿಂತ್ವಿ. ಮೊದಲು ನೀರಿನ ಚೀಲ, ಆಮೇಲೆ ಎರಡು ಮುಂಗಾಲು, ಅದರ ಮೇಲೆ ಇಟ್ಟ ಹಾಗೆ ಮೂಗು. ಗೊರಸು ಕೆನೆ ಬಣ್ಣ, ರಬ್ಬರಿನ ಹಾಗೆ ಮೆತ್ತಗೆ ಕಾಣ್ತಿತ್ತು. ಭಾವ ಎಳೀಲಿಲ್ಲ, ಅದೇ ಹಾಕುತ್ತೆ ಅಂದ್ರು. ಕರು ಜಾರಿ ಬಿದ್ದ ತಕ್ಷಣ ಮೂಗಿನ ಲೋಳೆ ತೆಗೆದು, ಬಟ್ಟೆಯಲ್ಲಿ ಉಜ್ಜಿದ್ರು. ಅಕ್ಕ ಹೊಕ್ಕುಳಿಗೆ ಅಯೋಡಿನ್ ಹಚ್ಚಿದ್ಲು. ಟಾರ್ಚ್ ಬೆಳಕಲ್ಲಿ ಕರುವಿನ ಮೈಯಿಂದ ಹಬೆ ಏಳ್ತಿತ್ತು. ತಾಯಿ ನೆಕ್ಕೋ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ನನ್ನ ಮಗಳು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ಲು ಅಂದ್ರೆ ಬೆಳಿಗ್ಗೆವರೆಗೂ ಉಗುರಿನ ಗುರುತಿತ್ತು. ಒಂದು ಗಂಟೆಯೊಳಗೆ ಗಿಣ್ಣು ಕುಡಿಸಲೇಬೇಕು, ರೋಗ ತಡೆಯೋ ಶಕ್ತಿ ಕರುವಿಗೆ ಬರೋದು ಅದರಿಂದಲೇ ಅಂತ ಅಕ್ಕ ಕೆಚ್ಚಲು ಬಾಯಿಗೆ ಹಿಡಿಸಿದ್ಲು. ಹೆಣ್ಣು ಕರು. ಹಣೆ ಮೇಲೆ ಬಿಳಿ ಬೊಟ್ಟು.

ಆರನೇ ದಿನ ತಮ್ಮ, ಭಾವ ಸಂಜೆ ಹಾಲು ನೋಡ್ಕೊಂಡ್ರು. ಅಕ್ಕನನ್ನ ಗಗನಚುಕ್ಕಿಗೆ ಕರ್ಕೊಂಡು ಹೋದ್ವಿ. ಅದೇ ತಾಲ್ಲೂಕು, ಆದರೂ ಅವಳು ನೋಡಿದ್ದು ಮದುವೆಯಾದ ವರ್ಷ ಒಮ್ಮೆ. ಮಳೆ ಬಂದು ನೀರು ಚೆನ್ನಾಗಿತ್ತು. ನಾಲ್ಕು ಗಂಟೆಗೆ ಅಭ್ಯಾಸಬಲದಿಂದ ಎದ್ದು ನಿಂತ್ಲು. ಅಮ್ಮ ಸೆರಗು ಹಿಡಿದು "ಕೂತ್ಕೋ" ಅಂದ್ರು. ಕೂತ್ಲು. ಕತ್ತಲಾಗೋವರೆಗೂ ಕೂತಿದ್ಲು. ಆ ಹೊತ್ತಿಗೆ ತಮ್ಮ ಡೈರಿ ಚೀಟಿ ಫೋಟೊ ಕಳಿಸಿದ್ದ: ಫ್ಯಾಟು 4.1, ಎಸ್‌ಎನ್‌ಎಫ್ 8.6. ಹಾಲು ದಿನಕ್ಕಿಂತ 6 ಲೀಟರ್ ಕಡಿಮೆ ಇತ್ತು. ಅಕ್ಕ ನೋಡಿ, "ಪರವಾಗಿಲ್ಲ, ನಾಳೆ ಇಳಿಸ್ತವೆ" ಅಂದ್ಲು.

ಒಂದು ಕೇಳೋದಿದೆ. ಕರುವಿಗೆ ಕುಡಿಸಿ ಮಿಕ್ಕಿದ ಮೊದಲ ದಿನದ ಗಿಣ್ಣಿನ ಹಾಲು ಅಕ್ಕ ಫ್ರೀಜರಿನಲ್ಲಿಟ್ಟು ಒಂದು ಲೋಟ ಕೊಟ್ಟಿದ್ದಾಳೆ. ಕಲ್ಲಿನ ಹಾಗೆ ಗಟ್ಟಿಯಾಗದೆ ಮೆತ್ತಗೆ ಬರಬೇಕಂದ್ರೆ ಹೇಗೆ ಮಾಡೋದು?

ಉತ್ತರ: ಕೊಟ್ಟಿಗೆ ಮನೆ, ಮದ್ದೂರು ತಾಲ್ಲೂಕು

ನಿಮ್ಮಕ್ಕ ಕತ್ತಲಾಗೋವರೆಗೂ ಕೂತಿದ್ದು ಓದಿ ಕಣ್ಣು ತುಂಬಿ ಬಂತು ಕಣಮ್ಮ.

ಮೊದಲ ದಿನದ್ದು ಬಹಳ ಗಟ್ಟಿ ಇರುತ್ತೆ. ಒಂದು ಲೋಟ ಗಿಣ್ಣಿಗೆ ಮೂರು ಲೋಟ ಮಾಮೂಲಿ ಹಾಲು ಸೇರಿಸಿ. ಹಾಲು ತಣ್ಣಗಿರಲಿ, ಬಿಸಿದು ಹಾಕಿದ್ರೆ ಅಲ್ಲೇ ಒಡೆಯುತ್ತೆ. ಬೆಲ್ಲ ನೀರಲ್ಲಿ ಕರಗಿಸಿ, ಸೋಸಿ, ಆರಿಸಿ ಹಾಕಿ. ಏಲಕ್ಕಿ ಪುಡಿ. ಇಡ್ಲಿ ಪಾತ್ರೆಯಲ್ಲಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಚಾಕು ಚುಚ್ಚಿದ್ರೆ ಅಂಟದೆ ಬಂದ್ರೆ ಇಳಿಸಿ. ಪೂರ್ತಿ ಆರಿದ ಮೇಲೆ ಕುಯ್ಯಿ. ಮೊದಲ ತುಂಡು ಕಾವಲು ನಿಂತ ಹುಡುಗನಿಗೆ.